ಕಲ್ಯಾಣದ ಮಾಯಾಲಾಂದ್ರ

ಕಲ್ಯಾಣ ಎಂದೊಡನೆ ಕನ್ನಡಿಗರ ಮನಸ್ಸು ಬಸವಣ್ಣನವರ ಕಲ್ಯಾಣಕ್ಕೆ ಹೋಗುತ್ತದೆ. ಮುಂಬಯಿ ಕನ್ನಡಿಗರಾದ ನಮಗೆ ಇನ್ನೊಂದು ಕಲ್ಯಾಣವೂ ಇದೆ. ಅದು ಸೆಂಟ್ರಲ್ ರೈಲ್ವೆಯ ಜಂಕ್ಷನ್ನು. ಕಸಾರದ ಕಡೆಗೊಂದು, ಕರ್ಜತ್ ಕಡೆಗೊಂದು ಎಂದು ಹಳಿಗಳು ಕವಲೊಡೆಯುವ ಜಾಗ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಊರಿನಿಂದ ಮರಳುವಾಗ ‘ಇನ್ನೇನು ಬಂದೆವು’ ಎಂದು ಸೀಟಿನಡಿಯ ಚೀಲಗಳನ್ನು ಎಳೆದುಕೊಳ್ಳುವ ಜಾಗ. ಡೊಂಬಿವಲಿಯಲ್ಲಿ ಮನೆ ಮಾಡಿಕೊಂಡ ನನ್ನಂಥವರಿಗಂತೂ ಅದು ಎರಡು ಸ್ಟೇಷನ್ನಿನಾಚೆಯ ನೆರೆಯೂರು. ಈ ಕಲ್ಯಾಣದಲ್ಲೂ ಒಮ್ಮೆ ಒಂದು ಸಣ್ಣ ಕ್ರಾಂತಿ ನಡೆದಿತ್ತು. ಅದು ನಡೆದದ್ದು ಒಂದು ದೀಪ, ಒಂದಿಷ್ಟು ಗಾಜಿನ ತುಂಡುಗಳು ಮತ್ತು ಒಂದು ಬಿಳಿಯ ಬಟ್ಟೆಯಿಂದ.

1892ರ ಸುಮಾರಿಗೆ ಮಹಾದೇವ ಗೋಪಾಳ ಪಟವರ್ಧನ ಎಂಬವರು ತಮ್ಮ ಮಕ್ಕಳನ್ನು ಕಟ್ಟಿಕೊಂಡು ಇಲ್ಲಿ ಒಂದು ಪ್ರದರ್ಶನ ಸಿದ್ಧಪಡಿಸಿದರು. ಅದಕ್ಕೆ ಅವರಿಟ್ಟ ಹೆಸರು ‘ಶಾಂಬರಿಕ ಖರೋಲಿಕಾ’. ಕಿವಿಗೆ ಯಾವುದೋ ಲೇಹ್ಯದ ಹೆಸರಿನಂತೆ ಬೀಳುತ್ತದೆ. ಖರೋಲಿಕಾ ಎಂದರೆ ಲಾಂದ್ರ. ಶಾಂಬರಿಕ ಎಂಬುದು ಶಂಬರಾಸುರನಿಂದ ಬಂದ ಮಾತು. ಭಾಗವತ ಓದಿದವರಿಗೆ, ಯಕ್ಷಗಾನ ನೋಡಿ ಬೆಳೆದವರಿಗೆ ಈ ಶಂಬರ ಗೊತ್ತು: ಹಸುಗೂಸು ಪ್ರದ್ಯುಮ್ನನನ್ನು ಕದ್ದೊಯ್ದು ಸಮುದ್ರಕ್ಕೆ ಎಸೆದವನು, ಮಾಯಾವಿದ್ಯೆಯಲ್ಲಿ ನಿಸ್ಸೀಮ. ಮಾಯೆಗೆ ಸಂಸ್ಕೃತದಲ್ಲಿ ‘ಶಾಂಬರಿ’ ಎಂಬ ಹೆಸರೇ ಇದೆ. ಇಂಗ್ಲಿಷರು ‘ಮ್ಯಾಜಿಕ್ ಲ್ಯಾಂಟರ್ನ್’ ಎಂದು ಕರೆದ ಯಂತ್ರವನ್ನು ಕಲ್ಯಾಣದ ಈ ಕುಟುಂಬ ಪುರಾಣದ ಮನೆಯೊಳಗೆ ಕರೆದುಕೊಂಡು ನಾಮಕರಣ ಮಾಡಿತು. ಮಾಯಾಲಾಂದ್ರ ಎಂದು ನಾನು ಕನ್ನಡಿಸಿಕೊಂಡಿದ್ದೇನೆ.

ಯಂತ್ರ ಸರಳವೇ. ಒಂದು ಪೆಟ್ಟಿಗೆ, ಅದರೊಳಗೆ ಪ್ರಖರವಾದ ದೀಪ, ಎದುರಿಗೆ ಮಸೂರ. ದೀಪಕ್ಕೂ ಮಸೂರಕ್ಕೂ ನಡುವೆ ಬಣ್ಣದಲ್ಲಿ ಚಿತ್ರ ಬರೆದ ಗಾಜಿನ ಹಲಗೆಯನ್ನು ತಲೆಕೆಳಗಾಗಿ ತೂರಿಸಿದರೆ ಎದುರಿನ ಪರದೆಯ ಮೇಲೆ ಆಳೆತ್ತರದ ಚಿತ್ರ ನೇರವಾಗಿ ಮೂಡುತ್ತದೆ. ಪಟವರ್ಧನರ ಮನೆಯವರು ರಾಮಾಯಣ ಮಹಾಭಾರತಗಳ ಪ್ರಸಂಗಗಳನ್ನೂ ಸರ್ಕಸ್ಸಿನ ಆಟಗಳನ್ನೂ ಕೈಯಿಂದಲೇ ಗಾಜಿನ ಮೇಲೆ ಬರೆದರು. ಚಿತ್ರದ ಜೊತೆಗೆ ಮಾತು ಮತ್ತು ಸಂಗೀತ ಇರುತ್ತಿದ್ದವು. ಇಷ್ಟೇ ಆಗಿದ್ದರೆ ಅದು ಬಣ್ಣದ ಚಿತ್ರಗಳ ಮೆರವಣಿಗೆಯಾಗಿ ಮುಗಿಯುತ್ತಿತ್ತು. ಅವರ ಹೆಚ್ಚುಗಾರಿಕೆ ಬೇರೆ ಕಡೆ ಇತ್ತು. ಒಂದೇ ಪಾತ್ರದ ಬೇರೆ ಬೇರೆ ಭಂಗಿಗಳನ್ನು ಬರೆದು, ಗಾಜುಗಳನ್ನು ಲೆಕ್ಕ ತಪ್ಪದೆ ಸರಿಸಿ ಬದಲಿಸಿ, ಪರದೆಯ ಮೇಲಿನ ಆಕೃತಿ ಕೈಕಾಲು ಆಡಿಸಿದಂತೆ ಕಾಣಿಸುತ್ತಿದ್ದರು. ಲುಮಿಯೇರ್ ಸಹೋದರರ ಸಿನೆಮಾ ಮುಂಬಯಿಗೆ ಬರಲು ಇನ್ನೂ ನಾಲ್ಕು ವರ್ಷ ಇತ್ತು.

ಈ ಲಾಂದ್ರದ ವಿಷಯ ನನಗೇಕೆ ಎಂದರೆ, ನನ್ನ ಅನ್ನ ಹುಟ್ಟಿದ್ದೇ ಸ್ಲೈಡಿನಿಂದ. ಎಂಬತ್ತರ ದಶಕದಲ್ಲಿ ಊರು ಬಿಟ್ಟು ಮುಂಬಯಿಗೆ ಬಂದವನಿಗೆ ಫೋರ್ಟಿನ ಒಂದು ಗಲ್ಲಿಯ ಸ್ಟುಡಿಯೊದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಕಂಪೆನಿಗಳ ಸಭೆಗಳಿಗೆ ಸ್ಲೈಡು ಮಾಡಿಕೊಡುತ್ತಿದ್ದರು. ಆಮೇಲೆ ಕಂಪ್ಯೂಟರ್ ಬಂತು, ಗಾಜು ಹೋಯಿತು, ಫಿಲ್ಮು ಹೋಯಿತು, ‘ಸ್ಲೈಡು’ ಎಂಬ ಹೆಸರು ಮಾತ್ರ ಉಳಿಯಿತು. ಕಳೆದ ಇಪ್ಪತ್ತು ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಬೇಡಿಕೆ ಒಂದೇ: “ಸರ್, ಈ ಸ್ಲೈಡಿಗೆ ಅಲ್ಲಾಡೋ ಚಿತ್ರ ಏನಾದರೂ ಹಾಕಿಕೊಡ್ತೀರಾ?” ಕೇಳುವ ಹುಡುಗ ಹುಡುಗಿಯರು ಇದನ್ನು ಕಂಪ್ಯೂಟರಿನ ಕೊಡುಗೆ ಎಂದುಕೊಂಡಿರುತ್ತಾರೆ. ಮೊದಲು ಸ್ಲೈಡು ನಿಶ್ಚಲವಾಗಿತ್ತು, ಈಚೆಗೆ ಅದಕ್ಕೆ ಚಲನೆ ಸೇರಿತು ಎಂಬುದು ಅವರ ಎಣಿಕೆ. ಇತಿಹಾಸ ಹೇಳುವುದು ಇದಕ್ಕೆ ತಿರುಗುಮುರುಗಾದ ಕಥೆಯನ್ನು.

ಸ್ಲೈಡ್ ಎಂಬ ಮಾತನ್ನೇ ನೋಡಿ. ಅದರ ಅರ್ಥ ಜಾರುವುದು, ಸರಿಯುವುದು. ಲಾಂದ್ರದ ಸಂದಿನಲ್ಲಿ ಜಾರಿಸುವ ಗಾಜಾದ್ದರಿಂದ ಅದಕ್ಕೆ ಆ ಹೆಸರು. ಹೆಸರಿನಲ್ಲೇ ಚಲನೆ ಇದೆ. ಮ್ಯಾಜಿಕ್ ಲ್ಯಾಂಟರ್ನಿನ ಮೂಲಪುರುಷನೆಂದು ಎಣಿಸಲಾಗುವ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ 1659ರಲ್ಲಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದಿಷ್ಟು ಅಸ್ಥಿಪಂಜರಗಳನ್ನು ಗೀಚಿಟ್ಟಿದ್ದಾನೆ. ಒಂದು ತನ್ನ ತಲೆಬುರುಡೆಯನ್ನು ತಾನೇ ಕಿತ್ತು ಕೈಯಲ್ಲಿ ಹಿಡಿದುಕೊಳ್ಳುತ್ತದೆ, ಮತ್ತೆ ಕತ್ತಿನ ಮೇಲೆ ಕೂರಿಸಿಕೊಳ್ಳುತ್ತದೆ. ಅದು ಗಾಜಿನ ಸ್ಲೈಡಿನ ಮೇಲೆ ಚಲಿಸುವ ಚಿತ್ರ ತೋರಿಸಲು ಹಾಕಿಕೊಂಡ ನಕಾಶೆ. ಅಂದರೆ ಲಾಂದ್ರ ಹುಟ್ಟಿದ ಗಳಿಗೆಯಲ್ಲೇ ಚಿತ್ರವನ್ನು ಆಡಿಸುವ ಆಸೆಯೂ ಹುಟ್ಟಿತು.

ಆ ಆಸೆ ಮುಂದಿನ ಇನ್ನೂರು ವರ್ಷಗಳಲ್ಲಿ ಎಷ್ಟೋ ಬಗೆಯ ಉಪಾಯಗಳಾಗಿ ಬೆಳೆಯಿತು. ಎರಡು ಗಾಜುಗಳನ್ನು ಒಂದರ ಮೇಲೊಂದು ಇಟ್ಟು, ಒಂದರಲ್ಲಿ ಎತ್ತಿದ ಕೈ, ಇಳಿಸಿದ ಕೈ ಎರಡನ್ನೂ ಬರೆದು, ಇನ್ನೊಂದರಲ್ಲಿ ಬೇಡದ ಕೈಯನ್ನು ಮರೆಸುವ ಕಪ್ಪು ಬಳಿದಿರುತ್ತಿದ್ದರು. ಕಪ್ಪು ಬಳಿದ ಗಾಜನ್ನು ಸರ‍್ರನೆ ಎಳೆದರೆ ಎತ್ತಿದ ಕೈ ಕೆಳಗಿಳಿಯುತ್ತಿತ್ತು. ಸಣ್ಣ ಹಲ್ಲುಗಾಲಿ ಜೋಡಿಸಿ ಹಿಡಿಕೆ ತಿರುಗಿಸಿದರೆ ಗಾಳಿಯಂತ್ರದ ರೆಕ್ಕೆಗಳು ಸುತ್ತುತ್ತಿದ್ದವು. ಬಣ್ಣದ ಸುರುಳಿಗಳನ್ನು ಬರೆದ ಎರಡು ಬಿಲ್ಲೆಗಳನ್ನು ಎದುರುಬದುರು ದಿಕ್ಕಿನಲ್ಲಿ ತಿರುಗಿಸಿದರೆ ಪರದೆಯ ತುಂಬ ಹೂಗಳು ಅರಳಿ ಮುಚ್ಚುತ್ತಿದ್ದವು. ಎರಡು ಲಾಂದ್ರಗಳನ್ನು ಜೋಡಿಸಿ ಒಂದರ ಬೆಳಕನ್ನು ತಗ್ಗಿಸುತ್ತ ಇನ್ನೊಂದರದ್ದನ್ನು ಏರಿಸಿದರೆ ಹಗಲು ಕರಗಿ ರಾತ್ರಿಯಾಗುತ್ತಿತ್ತು. ಇಂಗ್ಲೆಂಡಿನಲ್ಲಿ ಬಲು ಜನಪ್ರಿಯವಾಗಿದ್ದ ಒಂದು ಸ್ಲೈಡಿನಲ್ಲಿ ಹಾಸಿಗೆಯ ಮೇಲೆ ಬಾಯಿ ತೆರೆದು ಮಲಗಿದ ಗಡ್ಡದ ಮನುಷ್ಯನೊಬ್ಬ ಬಾಯಿ ಮುಚ್ಚಿ ತೆಗೆಯುತ್ತಿರುತ್ತಾನೆ, ಇಲಿಗಳು ಒಂದರ ಹಿಂದೊಂದು ಅವನ ಬಾಯೊಳಗೆ ಹೋಗುತ್ತಿರುತ್ತವೆ. ಇಂದು ಫೋನಿನಲ್ಲಿ ನಾವು ಒಬ್ಬರಿಗೊಬ್ಬರು ಕಳುಹಿಸಿಕೊಳ್ಳುವ ಕುಣಿಯುವ ಬೆಕ್ಕುಗಳಿಗೆ ಈ ಇಲಿಗಳೇ ಮುತ್ತಜ್ಜಂದಿರು.

ಆದರೆ ಪಟವರ್ಧನರ ಆಟವನ್ನು ಇಂಗ್ಲಿಷ್ ಯಂತ್ರದ ಬಾಲವೆಂದು ತಿಳಿದರೆ ಅರ್ಧ ಕಥೆ ಬಿಟ್ಟಂತಾಗುತ್ತದೆ. ಕಲ್ಯಾಣದ ಪ್ರೇಕ್ಷಕರಿಗೆ ಚಿತ್ರ ತೋರಿಸಿ ಕಥೆ ಹೇಳುವುದು ಹೊಸದೇನಾಗಿರಲಿಲ್ಲ. ಕೊಂಕಣ ರೈಲ್ವೆಯಲ್ಲಿ ಮಂಗಳೂರಿನ ಕಡೆ ಹೋಗುವಾಗ ಸಿಂಧುದುರ್ಗ ಜಿಲ್ಲೆಯಲ್ಲಿ ಕುಡಾಳ ಎಂಬ ಸ್ಟೇಷನ್ ಸಿಗುತ್ತದೆ. ಅದರ ಪಕ್ಕದ ಪಿಂಗುಳಿ ಎಂಬ ಹಳ್ಳಿಯಲ್ಲಿ ಠಾಕರ ಸಮುದಾಯದವರು ಇಂದಿಗೂ ಚಿತ್ರಕಥಿ ಆಡುತ್ತಾರೆ. ಕಾಗದದ ಮೇಲೆ ಬರೆದ ಚಿತ್ರಗಳ ಒಂದು ಕಟ್ಟು ಇರುತ್ತದೆ, ಅದಕ್ಕೆ ಪೋಥಿ ಎಂದು ಹೆಸರು. ಒಂದು ಪೋಥಿಗೆ ಒಂದು ಕಥೆ. ಹಾಡುವವನು ಒಂದು ಚಿತ್ರ ಎತ್ತಿ ಹಿಡಿದು, ಆ ಪ್ರಸಂಗ ಹಾಡಿ ಮುಗಿಸಿ, ಅದನ್ನು ಕೆಳಗಿಟ್ಟು ಮುಂದಿನದನ್ನು ಎತ್ತುತ್ತಾನೆ. ನಮ್ಮ ಆಫೀಸಿನವರು ‘ಡೆಕ್’ ಎನ್ನುವುದು ಇದನ್ನೇ. ಅದೇ ಮನೆಗಳಲ್ಲಿ ತೊಗಲುಗೊಂಬೆಯೂ ಇದೆ, ಸೂತ್ರದ ಗೊಂಬೆಯೂ ಇದೆ. ನಿಂತ ಚಿತ್ರ, ಆಡುವ ಚಿತ್ರ ಎರಡೂ ಒಂದೇ ಸೂರಿನಡಿ ಬೆಳೆದವು. ಈ ಕಲೆಯನ್ನು ಉಳಿಸಿಕೊಂಡು ಬಂದ ಪರಶುರಾಮ ಗಂಗಾವಣೆಯವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ನಮ್ಮ ಕಡೆಯ ಕಿಳ್ಳೆಕ್ಯಾತರನ್ನು ಇವರ ಪಕ್ಕದಲ್ಲಿ ನಿಲ್ಲಿಸಿ ನೋಡಬೇಕು. ಮನೆಯೊಳಗೆ ಮರಾಠಿ ಬೆರೆತ ನುಡಿ ಆಡುತ್ತ, ಪರದೆಯ ಹಿಂದೆ ಕುಳಿತು ಕನ್ನಡದಲ್ಲಿ ರಾಮಾಯಣ ಹೇಳುವ ಜನ ಅವರು. ಮನೆಯಲ್ಲೊಂದು ಭಾಷೆ, ಕೆಲಸದಲ್ಲೊಂದು ಭಾಷೆ ಎಂಬ ನಮ್ಮ ಪಾಡು ಅವರಿಗೆ ಚೆನ್ನಾಗಿ ಗೊತ್ತು. ಕರ್ನಾಟಕದ ತೊಗಲುಗೊಂಬೆಗಳಲ್ಲಿ ಎರಡು ಬಗೆ. ಕೆಲವಕ್ಕೆ ಕೀಲು ಇರುತ್ತದೆ, ಕೈಕಾಲು ಆಡುತ್ತವೆ. ಇನ್ನು ಕೆಲವು ಆಡುವುದೇ ಇಲ್ಲ. ರಾಮನ ಒಡ್ಡೋಲಗವೋ ವನವೋ ಇಡಿಯ ದೃಶ್ಯ ಒಂದೇ ತೊಗಲಿನ ಮೇಲೆ ಕೊರೆದಿರುತ್ತದೆ. ಹಿಂದಿನ ದೀಪದ ಬೆಳಕು ಬಣ್ಣ ಹಾಕಿದ ತೊಗಲನ್ನು ದಾಟಿ ಬರುತ್ತದೆ. ನನ್ನ ಕಸುಬಿನ ಮಾತಿನಲ್ಲಿ ಹೇಳುವುದಾದರೆ ಒಂದು ಸ್ಲೈಡು, ಇನ್ನೊಂದು ಅನಿಮೇಷನ್. ಯಾವಾಗ ಯಾವುದನ್ನು ಪರದೆಗೆ ಒತ್ತಬೇಕೆಂಬುದು ಆಡಿಸುವವರಿಗೆ ಗೊತ್ತು. ಒಡ್ಡೋಲಗ ನಿಂತೇ ಇರಬೇಕು, ಕಿಳ್ಳೆಕ್ಯಾತ ಮತ್ತು ಬಂಗಾರಕ್ಕ ಬಂದಾಗ ಮಾತ್ರ ಗೊಂಬೆ ಎಗರಾಡಬೇಕು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೆಕ್ಯಾತರ ಅವರಿಗೆ ತೊಂಬತ್ತು ದಾಟಿದ ವಯಸ್ಸಿನಲ್ಲಿ, 2025ರಲ್ಲಿ, ಪದ್ಮಶ್ರೀ ಬಂದಾಗ ನಾನು ನೆನೆದದ್ದು ಈ ವಿವೇಕವನ್ನೇ.

ಪಿಂಗುಳಿ, ಕೊಪ್ಪಳ, ಕಲ್ಯಾಣ ಮೂರನ್ನೂ ಒಟ್ಟಿಗಿಟ್ಟರೆ ಒಂದು ಸಮಾನ ಅಂಶ ಕಾಣುತ್ತದೆ. ಎಲ್ಲ ಕಡೆಯೂ ಚಿತ್ರದ ಪಕ್ಕದಲ್ಲಿ ಒಬ್ಬ ಮಾತುಗಾರನಿದ್ದಾನೆ ಮತ್ತು ಚಿತ್ರ ಅವನಿಗಾಗಿ ಕಾಯುತ್ತದೆ. ಸೀತೆ ಲಕ್ಷ್ಮಣರೇಖೆ ದಾಟಬೇಕಾದರೆ ಮಾತು ಅಲ್ಲಿಗೆ ತಲುಪಬೇಕು. ಜನ ನಕ್ಕರೆ ನಗು ಇಳಿಯುವವರೆಗೆ ಗೊಂಬೆ ತಡೆಯುತ್ತದೆ. ಮಗು ಅತ್ತರೆ ಸಮಾಧಾನವಾಗುವವರೆಗೆ ಗಾಜು ಸರಿಯುವುದಿಲ್ಲ. ಚಲನೆಯ ಹಗ್ಗ ಮಾತಿನ ಕೈಯಲ್ಲಿತ್ತು.

ಆ ಹಗ್ಗ ಕೈ ಬದಲಾಯಿಸಿದ್ದು 1896ರ ಜುಲೈ 7ರಂದು, ಕಾಳಾಘೋಡಾದ ವಾಟ್ಸನ್ ಹೋಟೆಲಿನಲ್ಲಿ. ಲುಮಿಯೇರ್ ಸಹೋದರರ ಪ್ರತಿನಿಧಿ ಅಲ್ಲಿ ಆರು ಕಿರುಚಿತ್ರಗಳನ್ನು ತೋರಿಸಿದ, ಟಿಕೇಟಿಗೆ ಒಂದು ರೂಪಾಯಿ. ಅದಕ್ಕೆ ಆರು ತಿಂಗಳ ಹಿಂದೆ ಪ್ಯಾರಿಸಿನ ಮೊದಲ ಪ್ರದರ್ಶನದ ಬಗ್ಗೆ ಜಾದೂಗಾರ ಜಾರ್ಜ್ ಮೇಲಿಯೇಸ್ ಒಂದು ಸೊಗಸಾದ ಸಂಗತಿ ಹೇಳಿದ್ದಾನೆ. ಮೊದಲು ಪರದೆಯ ಮೇಲೆ ನಿಶ್ಚಲವಾದ ಒಂದು ಫೋಟೊ ಬಂತಂತೆ. ಲಾಂದ್ರದ ಚಿತ್ರ ತೋರಿಸಲು ನಮ್ಮನ್ನು ಇಲ್ಲಿವರೆಗೆ ಕರೆಸಿದರೇ ಎಂದು ಅವನು ಪಕ್ಕದವನ ಹತ್ತಿರ ಗೊಣಗಿದನಂತೆ. ಅಷ್ಟರಲ್ಲಿ ಫೋಟೊದೊಳಗಿನ ಕುದುರೆ ಹೆಜ್ಜೆ ಹಾಕಿತು. ಸಿನೆಮಾ ಹುಟ್ಟಿದ್ದೇ ಒಂದು ಸ್ಲೈಡು ಅಲ್ಲಾಡಿದಂತೆ. ಲುಮಿಯೇರರ ಯಂತ್ರದ ಹಿಂದೆ ಬೆಳಕು ಕೊಡಲು ಇಟ್ಟಿದ್ದದ್ದು ಕೂಡ ಮ್ಯಾಜಿಕ್ ಲ್ಯಾಂಟರ್ನಿನ ದೀಪದ ಪೆಟ್ಟಿಗೆಯೇ.

ಆದರೆ ವ್ಯತ್ಯಾಸ ದೊಡ್ಡದು. ಸಿನೆಮಾದ ಹಿಡಿಕೆ ತಿರುಗಿಸುವವನು ಸೆಕೆಂಡಿಗೆ ಹದಿನಾರರ ಸುಮಾರಿನ ಚಿತ್ರಗಳ ವೇಗವನ್ನು ಕಾಯ್ದುಕೊಳ್ಳಬೇಕು. ಮಗು ಅತ್ತಿತೆಂದು ಅವನು ನಿಲ್ಲಿಸುವಂತಿಲ್ಲ. ಮೂಕಿಚಿತ್ರದ ಕಾಲದಲ್ಲಿ ಪರದೆಯ ಪಕ್ಕದಲ್ಲಿ ನಿಂತು ಕಥೆ ಹೇಳುವವರಿದ್ದರು ನಿಜ, ಆದರೆ ಈಗ ಮಾತು ಚಿತ್ರದ ಹಿಂದೆ ಓಡಬೇಕಾಗಿತ್ತು. ಸಿನೆಮಾ ಊರೂರಿಗೆ ಹಬ್ಬಿದಂತೆ ಲಾಂದ್ರದ ಆಟಗಳು ಒಂದೊಂದಾಗಿ ನಿಂತವು. ಕಲ್ಯಾಣದ ಶಾಂಬರಿಕ ಖರೋಲಿಕಾಕ್ಕೂ ಅದೇ ಗತಿಯಾಯಿತು. ಅವರ ಗಾಜಿನ ಚಿತ್ರಗಳಲ್ಲಿ ಕೆಲವು ಉಳಿದುಬಂದಿವೆ. ಬಣ್ಣ ಉಳಿಯಿತು, ಗೆರೆ ಉಳಿಯಿತು. ಯಾವ ಮಾತಿಗೆ ಯಾವ ಗಾಜು ಎಷ್ಟು ಸರಿಯಬೇಕು ಎಂಬ ಕೈಯ ಲೆಕ್ಕವನ್ನು ಗಾಜು ಹೇಳಲಾರದು.

ದಾದಾಸಾಹೇಬ ಫಾಲ್ಕೆಯವರನ್ನು ಈ ಕಥೆಯಲ್ಲಿ ಬಿಡುವಂತಿಲ್ಲ. ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಗಿರ್ಗಾಂವಿನ ಕಾರೊನೇಷನ್ ಚಿತ್ರಮಂದಿರಕ್ಕೆ ಬಂದದ್ದು ಎಲ್ಲರಿಗೂ ಗೊತ್ತು. ಅದಕ್ಕೆ ಹಿಂದಿನ ವರ್ಷ ಅವರು ಕುಂಡದಲ್ಲಿ ಒಂದು ಬಟಾಣಿ ಬಿತ್ತಿ, ದಿನದಿನವೂ ಒಂದೊಂದಾಗಿ ಚಿತ್ರ ತೆಗೆದು, ಬೀಜ ಮೊಳೆತು ಬಳ್ಳಿಯಾಗುವುದನ್ನು ಒಂದೆರಡು ನಿಮಿಷದಲ್ಲಿ ತೋರಿಸಿದ್ದರು. ಹಣ ಹಾಕುವವರನ್ನು ಒಪ್ಪಿಸಲು ಅದನ್ನು ಬಳಸಿಕೊಂಡರು. ನನ್ನ ಲೆಕ್ಕದಲ್ಲಿ ಮುಂಬಯಿಯಲ್ಲಿ ಬಂಡವಾಳ ಕೇಳಲು ಚಲಿಸುವ ಚಿತ್ರ ಬಳಸಿದವರಲ್ಲಿ ಅವರೇ ಹಿರಿಯರು. 1915ರಲ್ಲಿ ಬೆಂಕಿಕಡ್ಡಿಗಳನ್ನು ಆಡಿಸಿ ಇನ್ನೊಂದು ಕಿರುಚಿತ್ರ ಮಾಡಿದರು. ಅವರು ಹಿಂದೆ ‘ಪ್ರೊಫೆಸರ್ ಕೇಲ್ಫಾ’ ಎಂದು ತಮ್ಮ ಹೆಸರನ್ನೇ ತಿರುಚಿಕೊಂಡು ಜಾದೂ ಪ್ರದರ್ಶನ ಕೊಟ್ಟವರು. ಶಂಬರನ ವಿದ್ಯೆ ಕಲ್ಯಾಣದಿಂದ ದಾದರಿಗೆ ಬಂದಿತ್ತು ಎನ್ನೋಣ.

ಹಾಗೆಂದು ಸ್ಲೈಡು ಸಾಯಲಿಲ್ಲ, ಪಾಠದ ಕೋಣೆಗೂ ಸಭಾಂಗಣಕ್ಕೂ ಸರಿದುಕೊಂಡಿತು. ಸಿನೆಮಾ ಮಂದಿರದಲ್ಲೂ ರೀಲು ಬದಲಿಸುವ ಹೊತ್ತಿಗೆ, ವಿರಾಮದಲ್ಲಿ, ಪಕ್ಕದ ಬಟ್ಟೆ ಅಂಗಡಿಯ, ಚಿನ್ನದಂಗಡಿಯ ಗಾಜಿನ ಜಾಹೀರಾತುಗಳಾಗಿ ಬದುಕಿತು. ಆ ಹೊತ್ತಿಗೆ ಅಲ್ಲಾಡುವ ಚಿತ್ರದ ಕೆಲಸ ಬೇರೆ ಮನೆ ಸೇರಿತ್ತು. ಪೆಡ್ಡರ್ ರಸ್ತೆಯ ಫಿಲ್ಮ್ಸ್ ಡಿವಿಷನ್ನಿನಲ್ಲಿ 1956ರಲ್ಲಿ ಕಾರ್ಟೂನು ವಿಭಾಗ ಶುರುವಾಯಿತು. ಡಿಸ್ನಿ ಕಂಪೆನಿಯಲ್ಲಿ ಪಳಗಿದ್ದ ಕ್ಲೇರ್ ವೀಕ್ಸ್ ಬಂದು ತರಬೇತಿ ಕೊಟ್ಟರು. ಅಜಂತಾ ಶೈಲಿಯ ಗೆರೆಗಳಲ್ಲಿ ಜಾತಕ ಕಥೆಯೊಂದು ‘ದ ಬನ್ಯನ್ ಡಿಯರ್’ ಎಂಬ ಚಿತ್ರವಾಯಿತು. ಭಾರತೀಯ ಅನಿಮೇಷನ್ನಿನ ಹಿರಿಯರೆಂದು ಹೆಸರಾದ ರಾಮಮೋಹನ್ ಕೈ ಪಳಗಿಸಿಕೊಂಡದ್ದು ಇಲ್ಲಿಯೇ. ಸೆಕೆಂಡಿಗೆ 24 ಚೌಕಟ್ಟು, ಒಂದೊಂದನ್ನು ಎರಡೆರಡು ಸಲ ತೆಗೆದರೂ ಹನ್ನೆರಡು ಚಿತ್ರ ಬರೆಯಬೇಕು, ಒಂದು ನಿಮಿಷಕ್ಕೆ ಏಳುನೂರಿಪ್ಪತ್ತು. ಕೈಯಿಂದ ಬರೆಯುವವರಿಗೆ ಗೊತ್ತು ಆ ಶ್ರಮ. ಅದೇ ಆವರಣದ ಗುಲ್ಶನ್ ಮಹಲಿನಲ್ಲಿ 2019ರಿಂದ ಭಾರತೀಯ ಸಿನೆಮಾದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಬೇಕಾದ ಜಾಗ.

ಈಗ ನಮ್ಮ ಸ್ಟುಡಿಯೊಗೆ ಬರುತ್ತೇನೆ. ಅಷ್ಟು ಶ್ರಮ, ಅಷ್ಟು ಹಣ ಕಂಪೆನಿಯ ಒಂದು ಸಭೆಗೆ ಎಟುಕುವಂಥದ್ದಲ್ಲ. ನಮ್ಮದು 35 ಮಿಲಿಮೀಟರ್ ಫಿಲ್ಮಿನ ಸ್ಲೈಡುಗಳು. ಬೋರ್ಡಿನ ಮೇಲೆ ಅಕ್ಷರ ಅಂಟಿಸಿ, ಕ್ಯಾಮರಾದಡಿ ಇಟ್ಟು ಚಿತ್ರ ತೆಗೆದು, ತೊಳೆದು, ಚೌಕಟ್ಟಿಗೆ ಕೂರಿಸಿ, ಮೂಲೆಯಲ್ಲಿ ಒಂದು ಚುಕ್ಕೆ ಇಡುತ್ತಿದ್ದೆವು. ಹೆಬ್ಬೆರಳು ಆ ಚುಕ್ಕೆಯ ಮೇಲೆ ಬಂದರೆ ಸ್ಲೈಡು ಸರಿಯಾಗಿ ತಲೆಕೆಳಗಾಗಿದೆ ಎಂದರ್ಥ. ದುಂಡನೆಯ ಟ್ರೇಯಲ್ಲಿ ಎಂಬತ್ತು ಸ್ಲೈಡುಗಳು. ಮಾಲೀಕರು ಮಾರಾಟದ ಕಂಬಗಳು ‘ಬೆಳೆಯಬೇಕು’ ಎಂದರೆ ಒಂದೇ ಚಿತ್ರವನ್ನು ಐದಾರು ಸ್ಲೈಡುಗಳಾಗಿ ಒಡೆದು, ಪ್ರತಿಯೊಂದರಲ್ಲೂ ಒಂದೊಂದು ಕಂಬ ಹೆಚ್ಚಿಸಿ, ಎರಡು ಪ್ರೊಜೆಕ್ಟರುಗಳಲ್ಲಿ ಬಿಟ್ಟು ಬಿಟ್ಟು ತುಂಬಿ, ಒಂದರ ಬೆಳಕು ಇಳಿಸುತ್ತ ಇನ್ನೊಂದರದ್ದು ಏರಿಸುತ್ತಿದ್ದೆವು. ಚೌಕಟ್ಟು ಕೂದಲೆಳೆಯಷ್ಟು ಸರಿದಿದ್ದರೂ ಪರದೆಯ ಮೇಲೆ ಕಂಬಗಳು ಭೂಕಂಪವಾದಂತೆ ನಡುಗುತ್ತಿದ್ದವು. ಇದೇ ಹಳೆಯ ಜೋಡಿ ಲಾಂದ್ರದ ಉಪಾಯ. ನೂರು ವರ್ಷವಾದರೂ ನಾವು ಪಟವರ್ಧನರ ಅಂಗಳದಲ್ಲೇ ಇದ್ದೆವು. ಮತ್ತು ಅಲ್ಲಿ ಕೂಡ ಭಾಷಣಕಾರರು ತಲೆಯಾಡಿಸಿದ ಮೇಲೆಯೇ ಗುಂಡಿ ಒತ್ತಬೇಕು. ಕತ್ತಲಲ್ಲಿ ಅವರ ತಲೆಯನ್ನೇ ನೋಡುತ್ತ ಕೂರುವುದು ನನ್ನ ಮೊದಲ ವರ್ಷಗಳ ಕೆಲಸ.

ಅಷ್ಟರಲ್ಲಿ ದೂರದ ಅಮೆರಿಕದಲ್ಲಿ ಒಂದೇ ವರ್ಷ ಎರಡು ಮಕ್ಕಳು ಹುಟ್ಟಿದವು. 1987ರ ಏಪ್ರಿಲಿನಲ್ಲಿ ಫೋರ್‌ಥಾಟ್ ಎಂಬ ಸಣ್ಣ ಕಂಪೆನಿಯಿಂದ ಪವರ್‌ಪಾಯಿಂಟ್ ಬಂತು. ಅದರ ಹಿಂದಿದ್ದವರು ರಾಬರ್ಟ್ ಗ್ಯಾಸ್ಕಿನ್ಸ್ ಮತ್ತು ಡೆನಿಸ್ ಆಸ್ಟಿನ್. ಕೆಲವೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಅದನ್ನು 1.4 ಕೋಟಿ ಡಾಲರಿಗೆ ಕೊಂಡಿತು. ಅದೇ ವರ್ಷ ಜೂನಿನಲ್ಲಿ ಕಂಪ್ಯೂಸರ್ವ್ ಕಂಪೆನಿಯ ಸ್ಟೀವ್ ವಿಲ್ಹೈಟ್ ಮತ್ತು ಜೊತೆಗಾರರಿಂದ ಜಿಫ್ ಎಂಬ ಚಿತ್ರದ ಫೈಲು ಬಂತು. ಒಂದೇ ಫೈಲಿನಲ್ಲಿ ಅನೇಕ ಚಿತ್ರಗಳು, ಹೆಚ್ಚೆಂದರೆ 256 ಬಣ್ಣ. 1989ರ ಪರಿಷ್ಕರಣೆಯಲ್ಲಿ ಒಂದು ಚಿತ್ರದಿಂದ ಇನ್ನೊಂದಕ್ಕೆ ಎಷ್ಟು ಹೊತ್ತು ಕಾಯಬೇಕೆಂಬುದನ್ನು ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಬರೆದಿಡುವ ಅನುಕೂಲ ಬಂತು. ನೆಟ್‌ಸ್ಕೇಪ್ ಬ್ರೌಸರಿನ ಎರಡನೆಯ ಆವೃತ್ತಿ ಆ ಚಿತ್ರಗಳನ್ನು ಕೊನೆ ಮುಟ್ಟಿದೊಡನೆ ಮತ್ತೆ ಮೊದಲಿನಿಂದ ಶುರು ಮಾಡುವುದನ್ನು ಕಲಿಸಿತು. ಅದು 1995ರ ಮಾತು. ಅದೇ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಇಂಟರ್‌ನೆಟ್ಟನ್ನು ಭಾರತದ ಸಾರ್ವಜನಿಕರಿಗೆ ತೆರೆದಿತ್ತು.

ಒಟ್ಟಿಗೆ ಹುಟ್ಟಿದ ಈ ಇಬ್ಬರೂ ಭೇಟಿಯಾಗಲು ಬಹಳ ಕಾಲ ಹಿಡಿಯಿತು. ತೊಂಬತ್ತರ ದಶಕದಲ್ಲಿ ಕುಣಿಯುವ ಜಿಫ್ ಚಿತ್ರವನ್ನು ಸ್ಲೈಡಿಗೆ ಅಂಟಿಸಿದರೆ ಅದು ಮೊದಲ ಚಿತ್ರದಲ್ಲೇ ಕಲ್ಲಾಗಿ ನಿಲ್ಲುತ್ತಿತ್ತು. ಪವರ್‌ಪಾಯಿಂಟ್ 2000 ಬಂದ ಮೇಲೆ ಪ್ರದರ್ಶನದ ಹೊತ್ತಿಗೆ ಅದು ಆಡತೊಡಗಿತು. ಹಾಕುವುದು ಈಗ ಎಷ್ಟು ಸುಲಭವೆಂದರೆ ಬೇರೆ ಯಾವ ಚಿತ್ರವನ್ನು ಹಾಕಿದಂತೆಯೇ. ಮೂರು ಶತಮಾನಕ್ಕೂ ಹೆಚ್ಚು ಕಾಲ ಜನ ಗಾಜು, ಹಲ್ಲುಗಾಲಿ, ಕಡ್ಡಿ, ಕೀಲು ಹಿಡಿದು ಪಟ್ಟ ಪಾಡು ಒಂದು ಗುಂಡಿಯೊಳಗೆ ಮುಗಿಯಿತು.

ಜೊತೆಗೆ ಇನ್ನೊಂದೂ ಮುಗಿಯಿತು. ಜಿಫ್ ಯಾರಿಗೂ ಕಾಯುವುದಿಲ್ಲ. ಸ್ಲೈಡು ತೆರೆದ ಕ್ಷಣ ಶುರುವಾಗಿ ಸ್ಲೈಡು ಹೋಗುವವರೆಗೆ ಗಾಣದೆತ್ತಿನಂತೆ ಸುತ್ತುತ್ತದೆ. ಮಾತನಾಡುವವರು ಗಂಭೀರವಾಗಿ ನಷ್ಟದ ಲೆಕ್ಕ ಹೇಳುತ್ತಿದ್ದರೆ ಮೂಲೆಯಲ್ಲಿ ಎರಡು ಕೈಗಳು ಚಪ್ಪಾಳೆ ತಟ್ಟುತ್ತಲೇ ಇರುತ್ತವೆ. ಮನುಷ್ಯನ ಕಣ್ಣು ಅಲ್ಲಾಡುವುದರ ಕಡೆಗೇ ಓಡುತ್ತದೆ. ಹುಲ್ಲು ಅಲ್ಲಾಡಿದಾಗ ನೋಡದೆ ಇದ್ದ ನಮ್ಮ ಪೂರ್ವಜರು ಹುಲಿಗೆ ಆಹಾರವಾದರು. ಪರದೆಯ ಮೂಲೆಯಲ್ಲಿ ಸುತ್ತುವ ಭೂಗೋಳ ಮತ್ತು ಎದುರಿಗೆ ನಿಂತ ಮನುಷ್ಯ, ಎರಡರಲ್ಲಿ ಕಣ್ಣು ಗೋಳವನ್ನೇ ಆರಿಸಿಕೊಳ್ಳುತ್ತದೆ. ಅಂತರ್ಜಾಲ ಪುಟಗಳು ಎಲ್ಲರಿಗೂ ಎಟುಕಬೇಕೆಂದು ಮಾಡಿದ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ, ತಾನಾಗಿ ಶುರುವಾಗಿ ಬೇರೆ ವಿಷಯದ ಪಕ್ಕದಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಆಡುವ ಚಿತ್ರವನ್ನು ನೋಡುವವರು ನಿಲ್ಲಿಸುವಂತಿರಬೇಕು ಎಂಬ ನಿಯಮವೇ ಇದೆ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿಂಚುವುದೂ ಕೂಡದು, ಮೂರ್ಛೆರೋಗ ಇರುವವರಿಗೆ ಅದು ಅಪಾಯ. ಇದನ್ನು ಓದಿದಾಗ ನನಗೆ ಕತ್ತಲಲ್ಲಿ ಭಾಷಣಕಾರರ ತಲೆ ನೋಡುತ್ತ ಕೂತದ್ದು ವ್ಯರ್ಥವಲ್ಲ ಅನ್ನಿಸಿತು. ಕಾಯುವುದನ್ನು ನಮ್ಮ ಕೈಗೆ ಗಾಜು ಕಲಿಸಿತ್ತು, ಈಗ ಅದನ್ನು ನಿಯಮ ಬರೆದು ಕಲಿಸಬೇಕಾಗಿದೆ.

ಇದು ಬರೀ ಆಫೀಸಿನ ಸಂಗತಿಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಕಡೆ ಭಾನುವಾರ ಬೆಳಿಗ್ಗೆ ಒಂದು ಕೋಣೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಮುಂಬಯಿಯಲ್ಲೇ ಹುಟ್ಟಿದ ಮಕ್ಕಳು. ಶಾಲೆಯಲ್ಲಿ ಇಂಗ್ಲಿಷು, ಆಟದಲ್ಲಿ ಮರಾಠಿ, ಟೀವಿಯಲ್ಲಿ ಹಿಂದಿ, ಅಜ್ಜಿಯ ಫೋನು ಬಂದಾಗ ಮಾತ್ರ ಕನ್ನಡ. ಮಾತು ಅಷ್ಟಿಷ್ಟು ಬರುತ್ತದೆ, ಅಕ್ಷರ ಬಾರದು. ನಾಗರಿ ಬರೆದು ರೂಢಿಯಾದ ಕೈ ಕನ್ನಡದ ತಲಕಟ್ಟಿನ ಜಾಗದಲ್ಲಿ ಮೇಲೊಂದು ನೇರ ಗೆರೆ ಎಳೆದುಬಿಡುತ್ತದೆ. ಆದ್ದರಿಂದ ಅಕ್ಷರದ ರೂಪ ತೋರಿಸಿದರೆ ಸಾಲದು, ಕೈ ಹೋಗುವ ದಾರಿಯನ್ನೂ ತೋರಿಸಬೇಕು. ಚಲಿಸುವ ಚಿತ್ರಕ್ಕೆ ಇದಕ್ಕಿಂತ ಯೋಗ್ಯವಾದ ಕೆಲಸ ಇಲ್ಲ. ಪಾಠ ಮಾಡುವ ಹುಡುಗಿ ಎಲ್ಲಿಂದಲೋ ಸಿಕ್ಕಿದ, ತಾನೇ ಬರೆದುಕೊಳ್ಳುವ ಅಕ್ಷರಗಳ ಜಿಫ್ ಚಿತ್ರಗಳನ್ನು ಸ್ಲೈಡುಗಳಿಗೆ ಹಾಕಿ ತಂದಿದ್ದಳು. ನೋಡಲು ಚೆಂದ. ಆದರೆ ‘ಅ’ ಬರೆದು ಮುಗಿಯಿತೆನ್ನುವಷ್ಟರಲ್ಲಿ ಅಳಿಸಿಹೋಗಿ ಮತ್ತೆ ಮೊದಲಿನಿಂದ ಬರೆದುಕೊಳ್ಳುತ್ತಿತ್ತು. ಎಲ್ಲಿ ಶುರು ಎಲ್ಲಿ ಕೊನೆ ಎಂದು ತಿಳಿಯದೆ ಮಕ್ಕಳು ಪೆನ್ಸಿಲ್ ಎತ್ತಿ ಹಿಡಿದು ಕೂತಿದ್ದವು. ಒಬ್ಬ ಪುಟ್ಟ ಪರದೆಗೇ ಹೇಳಿದ: “ಥಾಂಬ್ ರೇ, ಥಾಂಬ್!”

ಅವನು ಮರಾಠಿಯಲ್ಲಿ ‘ನಿಲ್ಲೋ’ ಎಂದು ಕೇಳಿದ್ದು ನನ್ನ ಮಟ್ಟಿಗೆ ಈ ಇಡೀ ಇತಿಹಾಸದ ಪ್ರಶ್ನೆ. ಚಿತ್ರ ಯಾರ ಮಾತಿಗೆ ನಿಲ್ಲಬೇಕು?

ಮುಂದಿನ ವಾರಕ್ಕೆ ನಾವಿಬ್ಬರೂ ಕೂತು ಆ ಜಿಫ್‌ಗಳನ್ನು ಬಿಚ್ಚಿದೆವು. ಒಂದು ಜಿಫ್ ಎಂದರೆ ಚಿತ್ರಗಳ ಒಂದು ಕಟ್ಟು ತಾನೇ, ಒಂದು ಪೋಥಿ. ಅದನ್ನು ಬಿಡಿಸಿ ಅಕ್ಷರದ ಪ್ರತಿ ತಿರುವಿಗೆ ಒಂದರಂತೆ ನಾಲ್ಕೈದು ಚಿತ್ರ ಇಟ್ಟುಕೊಂಡೆವು. ಒಂದರ ಮೇಲೊಂದು ಸರಿಯಾಗಿ ಕೂರಿಸಿ, ಗುಂಡಿ ಒತ್ತಿದಾಗಷ್ಟೇ ಮುಂದಿನದು ಬರುವಂತೆ ಮಾಡಿದೆವು. ಕಂಬ ಬೆಳೆಸುತ್ತಿದ್ದ ಕಾಲದ ಅದೇ ವಿದ್ಯೆ, ಈಗ ಕೂದಲೆಳೆಯ ಭಯ ಇಲ್ಲ. ಇಡೀ ಅಕ್ಷರ ಒಂದು ಸಲ ಹರಿದು ಬರೆದುಕೊಳ್ಳುವ ಚಿತ್ರವನ್ನೂ ಕೊನೆಗೆ ಇಟ್ಟೆವು, ಆದರೆ ಒಂದೇ ಸುತ್ತಿಗೆ ನಿಲ್ಲುವಂತೆ. ಮುಗಿದ ಮೇಲೆ ಅಕ್ಷರ ಪರದೆಯ ಮೇಲೆ ಸ್ಥಿರವಾಗಿ ಉಳಿಯುತ್ತದೆ, ಬರೆಯುವವರು ನೋಡಿಕೊಂಡು ಬರೆಯಬಹುದು. ಹಾಡು, ಕಥೆಯ ಸ್ಲೈಡುಗಳಲ್ಲಿ ಅಲ್ಲಾಡುವ ಚಿತ್ರಗಳನ್ನು ಹತ್ತಕ್ಕೆ ಒಂದರಂತೆ ಉಳಿಸಿಕೊಂಡೆವು. ಒಡ್ಡೋಲಗ ನಿಂತಿತು, ಬಂಗಾರಕ್ಕ ಮಾತ್ರ ಕುಣಿದಳು.

ಗುಂಡಿ ಒತ್ತುವ ಪುಟ್ಟ ರಿಮೋಟನ್ನು ಆ ಹುಡುಗಿ ತಾನು ಇಟ್ಟುಕೊಳ್ಳದೆ ಮಕ್ಕಳಿಗೇ ಕೊಡುತ್ತಾಳೆ, ಒಂದು ಅಕ್ಷರಕ್ಕೆ ಒಬ್ಬರು. ‘ಥಾಂಬ್’ ಎಂದಿದ್ದ ಪುಟ್ಟನ ಸರದಿ ಬಂದಾಗ ಅವನಿಗೆ ‘ಳ’ ಸಿಕ್ಕಿತು. ಮೊದಲ ತಿರುವು ತೋರಿಸಿ, ರಿಮೋಟು ಎದೆಗೊತ್ತಿಕೊಂಡು, ಹಿಂದೆ ತಿರುಗಿ ಕೊನೆಯ ಸಾಲಿನವರೆಗೂ ನೋಡಿದ. ಎಲ್ಲರ ಪೆನ್ಸಿಲೂ ನಿಂತ ಮೇಲೆ ಕೇಳಿದ, ಈ ಸಲ ಕನ್ನಡದಲ್ಲಿ: “ಆಯ್ತಾ? ಮುಂದೆ ಹೋಗ್ಲಾ?”